ಹೊರುವವರ ಪುಣ್ಯ

ಸ್ವಾಮಿಯನ್ನು ಹೊರುವ ಗರುಡನಿಂದಲೇ ಪ್ರಸಿದ್ಧವಾದ ಬಿಂಡಿಗನವಿಲೆಯವರಿಗೆ, ಹೊರುವವರ ಪುಣ್ಯವೇನೆಂಬುದನ್ನು ಯಾರೂ ಬೋಧಿಸಬೇಕಾಗಿಲ್ಲ. ನಮ್ಮ ಕಡೆಯ ಹಳೆಯ ದಾರಿಗಳಲ್ಲಿ ಅರವಟ್ಟಿಗೆಯನ್ನಿಟ್ಟವರೂ, ತಲೆಹೊರೆಯನ್ನಿಳುಹಲೆಂದು ಎರಡು ಕಂಬಗಳ ಮೇಲೆ ಅಡ್ಡಗಲ್ಲನ್ನು ಹಾಸಿದವರೂ ಯಾವ ಫಲವನ್ನು ಬಯಸಿದರೋ, ಅದನ್ನೇ ಬಯಸಿ ಮಾಡುವ ದಾನವನ್ನು ಮುಸಲ್ಮಾನರು ಸದಖಾ ಜಾರಿಯಾ, ಎಂದರೆ ಹರಿಯುತ್ತಲೇ ಇರುವ ದಾನ, ಎಂದು ಕರೆವರು. ದಾತನು ಗತಿಸಿದ ಮೇಲೂ ಅದರ ಪುಣ್ಯವು ಅವನ ಲೆಕ್ಕಕ್ಕೆ ಸಲ್ಲುತ್ತಿರುವುದೆಂದು ನಂಬಿಕೆ.

ಇಂಥ ದಾನಕ್ಕೆ ಎಡೆಯಿರುವ ಮಕ್ಕಾ ಯಾತ್ರೆಯಲ್ಲಿ ಅಶಕ್ತರ ಪ್ರಶ್ನೆ ಇಂದಿನದಲ್ಲ. ಅಸ್ವಸ್ಥರಾಗಿದ್ದ ಪತ್ನಿ ಉಮ್ಮೆ ಸಲಮಾ ಅವರಿಗೆ, ಜನಸಂದಣಿಯ ಹಿಂದಿನಿಂದ ವಾಹನವೇರಿಯೇ ಕಾಬಾದ ಪ್ರದಕ್ಷಿಣೆ ಮಾಡಲು ಪ್ರವಾದಿಗಳೇ ಅನುಮತಿಯಿತ್ತರೆಂದು ಹದೀಸ್ ಗ್ರಂಥಗಳು ಹೇಳುತ್ತವೆ. ಖಲೀಫ ಹಾರೂನ್ ಅಲ್ ರಶೀದನ ಪತ್ನಿ ಜುಬೈದಾ ಕೂಫಾದಿಂದ ಮಕ್ಕಾದವರೆಗಿನ ಮರಳುದಾರಿಯಲ್ಲಿ ನೀರಿನ ಕೊಳಗಳನ್ನು ಕಟ್ಟಿಸಿದಳು. ನಮ್ಮ ಮೈಸೂರು ಅರಸರ ಹೆಸರಿನಲ್ಲಿಯೂ ಮಕ್ಕಾದಲ್ಲಿ ಯಾತ್ರಿಕರಿಗೊಂದು ಮುಸಾಫಿರಖಾನೆಯಿದ್ದಿತು. ನಡೆಯಲಾರದವರನ್ನು ಮರದ ಮಂಚಿಕೆಯಲ್ಲಿ ಕೂರಿಸಿ ಹೊತ್ತು ತಿರುಗಿಸುವ ಆಳುಗಳೂ ಇದ್ದರು.

ಆ ಹೆಗಲಿನ ಸ್ಥಾನಕ್ಕೆ ಗಾಲಿಕುರ್ಚಿ ಬಂದಿದೆ. ಯಾತ್ರೆಯ ವಿಧಿಯಾದ, ಸಫಾ, ಮರ್ವಾ ಗುಡ್ಡಗಳ ನಡುವಣ 7 ಸರದಿಯ ನಡಿಗೆ 3 ಕಿಲೋಮೀಟರಿಗೂ ಮಿಗಿಲು. ನಡುವೆ ಕುರ್ಚಿಗಳಿಗೆಂದೇ ಓಣಿ. ಕಾಲ್ಮಣೆಯ ಮೇಲೆ ಊದಿದ ಪಾದಗಳನ್ನಿರಿಸಿ ಅಜ್ಜಿಯೊಬ್ಬಳು ಜಪಸರ ತಿರುಗಿಸುತ್ತಿದ್ದರೆ, ಹಿಂದೆ ಮೊಮ್ಮಗ ಬೆವರುತ್ತ ನೂಕುತ್ತಾನೆ. ಆದರೆ ಕುರ್ಚಿ ಅಡ್ಡಗಲ್ಲಿನಂತಲ್ಲ, ಸವೆಯುತ್ತದೆ. ಹಿಂದಿನವರು ಮಸೀದಿ ಕಟ್ಟಿಸಿದರೆ ದೀಪದೆಣ್ಣೆಗೆಂದು ಇನಾಮು ಭೂಮಿಯನ್ನೂ ಬಿಡುತ್ತಿದ್ದರು. ಹಾಗೆಯೇ ಹರಿಯುವ ದಾನವೆಂದು ಕುರ್ಚಿ ಕೊಡುವವರು ಅದರ ಅಚ್ಚಿನೆಣ್ಣೆಗೂ ರಬ್ಬರಿಗೂ ನಾಲ್ಕು ಕಾಸನ್ನು ಕೂಡಿಸಿ ಕೊಡುವುದು ಒಳ್ಳೆಯದು.