ಅನ್ಯಲೋಕದ ಪ್ರೇಯಸಿ: ಫಾರ್ಮರನ ‘ದಿ ಲವರ್ಸ್’

ಅನ್ಯಗ್ರಹದ ಜೀವಿಯೊಡನೆ ಮಾನವನ ಪ್ರಣಯವು ವೈಜ್ಞಾನಿಕ ಕಾದಂಬರಿಗೆ ಹಳೆಯ ವಸ್ತು. ಎಡ್ಗರ್ ರೈಸ್ ಬರೋಸ್ 1912ರಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದ ಮಂಗಳಗ್ರಹದ ಕಥೆಯಲ್ಲಿ ಭೂಮಿಯ ಯೋಧ ಜಾನ್ ಕಾರ್ಟರ್ ರಾಜಕುಮಾರಿ ಡೇಜಾ ಥೋರಿಸಳನ್ನು ವರಿಸುತ್ತಾನೆ. ಆಕೆ ಮೊಟ್ಟೆಯಿಡುವ ಕುಲದವಳು. ಆದರೂ ರೂಪದಲ್ಲಿ, ಭಾವದಲ್ಲಿ ಮಾನವಸ್ತ್ರೀಯೇ. ಆ ಭೇದದಿಂದ ಪ್ರಣಯಕ್ಕೆ ಯಾವ ತೊಡಕೂ ಒದಗುವುದಿಲ್ಲ.

ಫಿಲಿಪ್ ಹೋಸೆ ಫಾರ್ಮರ್ ಆ ಭೇದವನ್ನೇ ಕಥೆಯ ಮರ್ಮವಾಗಿಸಿದನು. ಇಬ್ಬರು ಪ್ರಮುಖ ಸಂಪಾದಕರು ತಿರಸ್ಕರಿಸಿದ ‘ದಿ ಲವರ್ಸ್’ 1952ರಲ್ಲಿ ‘ಸ್ಟಾರ್ಟ್ಲಿಂಗ್ ಸ್ಟೋರೀಸ್’ ಪತ್ರಿಕೆಯಲ್ಲಿ ಬೆಳಕು ಕಂಡು, 1961ರಲ್ಲಿ ಕಾದಂಬರಿಯಾಗಿ ವಿಸ್ತಾರಗೊಂಡಿತು. ನಾಯಕ ಹ್ಯಾಲ್ ಯಾರೋ ಕಠೋರ ಧರ್ಮಪ್ರಭುತ್ವದಲ್ಲಿ ಬೆಳೆದವನು. ಅವನು ಪ್ರೀತಿಸಿದ ಜೆನೆಟ್ ನೋಟಕ್ಕೆ ಹೆಣ್ಣು. ವಸ್ತುತಃ ಮಾನವರೂಪವನ್ನು ಅನುಕರಿಸುವ ಕೀಟಸದೃಶ ಜೀವಿ. ಗರ್ಭಧಾರಣೆಯೇ ಆಕೆಗೆ ಮರಣ. ಅದನ್ನು ತಡೆಯುತ್ತಿದ್ದುದು ಆಕೆ ಕುಡಿಯುತ್ತಿದ್ದ ಮದ್ಯ. ಮದ್ಯವನ್ನು ಪಾಪವೆಂದೇ ಕಲಿತಿದ್ದ ಹ್ಯಾಲ್ ಆಕೆಯ ಹಿತಕ್ಕೆಂದು ಗುಟ್ಟಾಗಿ ಅದನ್ನು ಬದಲಿಸುತ್ತಾನೆ. ಆಕೆ ಗರ್ಭಿಣಿಯಾಗಿ ಸಾಯುತ್ತಾಳೆ.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಡುತ್ತದೆ. ಹ್ಯಾಲ್‌ನಲ್ಲಿ ದ್ವೇಷವಾಗಲಿ ಕೊಲ್ಲುವ ಸಂಕಲ್ಪವಾಗಲಿ ಇಲ್ಲ. ತನ್ನ ಲೋಕದ ಹಿತವೇ ಆಕೆಗೂ ಹಿತವೆಂದು ಬಗೆದು, ಆಕೆಯನ್ನು ಒಂದು ಮಾತು ಕೇಳದೆ ನಡೆದುದೇ ಅವನ ಪ್ರಮಾದ. ಅಹಿಂಸೆಗೆ ಬೇಕಾದ ಎಚ್ಚರ ಪ್ರೇಮಕ್ಕೂ ಬೇಕೆಂಬುದನ್ನು ಈ ಕೃತಿ ಮನಗಾಣಿಸುತ್ತದೆ.