ನಿಯಾಂಡರ್ಥಲರ ಮಾತು ಮತ್ತು ಹಯಾಯ್ಡ್ ಮೂಳೆಯ ಸಾಕ್ಷ್ಯ

ಹಯಾಯ್ಡ್ ಮೂಳೆ ನಾಲಗೆಯ ಬುಡದಲ್ಲಿ, ಧ್ವನಿಪೆಟ್ಟಿಗೆಯ ಮೇಲೆ ಇರುವ ಲಾಳದಾಕಾರದ ಸಣ್ಣ ಮೂಳೆ. ದೇಹದ ಬೇರಾವ ಮೂಳೆಯೊಂದಿಗೂ ಇದಕ್ಕೆ ಕೀಲಿಲ್ಲ. ಸ್ನಾಯು ಮತ್ತು ತಂತುಕಟ್ಟುಗಳ ಆಸರೆಯಲ್ಲಷ್ಟೇ ತೂಗಿಕೊಂಡಿರುತ್ತದೆ. ಅವು ಕೊಳೆತೊಡನೆ ಮೂಳೆ ಕಳಚಿ ಕಳೆದುಹೋಗುವುದರಿಂದ ಇದರ ಪಳೆಯುಳಿಕೆಗಳು ಬೆರಳೆಣಿಕೆಯಷ್ಟೇ ದೊರೆತಿವೆ. ನಿಯಾಂಡರ್ಥಲರು ಮಾತಾಡುತ್ತಿದ್ದರೇ ಎಂಬ ಚರ್ಚೆಯಲ್ಲಿ ಇದಕ್ಕೆ ಅಪಾರ ಮಹತ್ವ ಬಂದಿರುವುದು ಈ ಅಭಾವದಿಂದಲೂ ಹೌದು.

ಚರ್ಚೆಗೆ ಈಗಿನ ರೂಪ ಬಂದದ್ದು 1971ರಲ್ಲಿ. ಭಾಷಾವಿಜ್ಞಾನಿ ಫಿಲಿಪ್ ಲೀಬರ್‌ಮನ್ ಮತ್ತು ಅಂಗರಚನಾ ತಜ್ಞ ಎಡ್ಮಂಡ್ ಕ್ರೆಲಿನ್, ಫ್ರಾನ್ಸಿನ ಲಾ ಶಪೆಲ್-ಒ-ಸೇನ್‌ನಲ್ಲಿ 1908ರಲ್ಲಿ ಸಿಕ್ಕ ತಲೆಬುರುಡೆಯ ತಳಭಾಗ ನವಜಾತ ಶಿಶುವಿನದನ್ನು ಹೋಲುತ್ತದೆಂದು ಗುರುತಿಸಿದರು. ಶಿಶುವಿನಲ್ಲಿ ಧ್ವನಿಪೆಟ್ಟಿಗೆ ಎತ್ತರದಲ್ಲಿದ್ದು ಬೆಳೆದಂತೆ ಕೆಳಗಿಳಿಯುತ್ತದೆ. ನಿಯಾಂಡರ್ಥಲರಲ್ಲಿ ಅದು ಎತ್ತರದಲ್ಲೇ ಉಳಿದಿದ್ದರೆ ಆ, ಇ, ಉ ಸ್ವರಗಳನ್ನು ಸ್ಪಷ್ಟವಾಗಿ ಉಚ್ಚರಿಸುವುದು ಅಸಾಧ್ಯ ಎಂಬುದು ಅವರ ತೀರ್ಮಾನ. ಈ ವಾದ ಇಂದು ಬಹುಮಟ್ಟಿಗೆ ಸಡಿಲಗೊಂಡಿದೆ. ಮಾತಿಲ್ಲದ ಗಂಡು ಕೆಂಪು ಜಿಂಕೆಗಳ ಧ್ವನಿಪೆಟ್ಟಿಗೆಯೂ ಕೆಳಗಿರುತ್ತದೆಂದು 2001ರಲ್ಲಿ ಫಿಚ್ ಮತ್ತು ರೆಬಿ ತೋರಿಸಿದರು. ನಿಯಾಂಡರ್ಥಲರ ಸ್ವರವ್ಯಾಪ್ತಿ ನಮ್ಮದಕ್ಕಿಂತ ಕಿರಿದಾಗಿರಬೇಕಿರಲಿಲ್ಲ ಎಂದು 2002ರಲ್ಲಿ ಲೂಯಿ-ಜಾನ್ ಬೋ ಮತ್ತು ಸಂಗಡಿಗರು ಕಂಪ್ಯೂಟರ್ ಮಾದರಿಗಳಿಂದ ವಾದಿಸಿದರು. ಮಕಾಕ್ ಕೋತಿಯ ಧ್ವನಿಮಾರ್ಗ ಕೂಡ ಹಲವು ಸ್ವರಗಳನ್ನು ಹೊರಡಿಸಬಲ್ಲದೆಂಬುದು 2016ರ ಫಲಿತಾಂಶ.

ಎದುರು ಪಕ್ಷದ ಮುಖ್ಯ ಆಧಾರ ಇಸ್ರೇಲಿನ ಕೆಬಾರಾ ಗುಹೆಯಲ್ಲಿ 1983ರಲ್ಲಿ ದೊರೆತ, ಸುಮಾರು 60,000 ವರ್ಷ ಹಳೆಯ ನಿಯಾಂಡರ್ಥಲ್ ಅಸ್ಥಿಪಂಜರ. ಅದರ ಹಯಾಯ್ಡ್ ಆಧುನಿಕ ಮಾನವನದರಂತೆಯೇ ಇರುವುದರಿಂದ ಮಾತಿನ ಸಾಮರ್ಥ್ಯವೂ ಇತ್ತೆಂದು ಅರೆನ್ಸ್‌ಬರ್ಗ್ ಮತ್ತು ಸಹಲೇಖಕರು 1989ರಲ್ಲಿ ಬರೆದರು. 2013ರಲ್ಲಿ ದಾನಸ್ತಾಸಿಯೊ ನೇತೃತ್ವದ ತಂಡ ಮೈಕ್ರೊ ಸಿಟಿ ಸ್ಕ್ಯಾನ್ ಮಾಡಿ, ಮೂಳೆಯ ಒಳರಚನೆಯೂ ನಮ್ಮಂತೆಯೇ ಇದೆ, ಆದ್ದರಿಂದ ಅದು ನಮ್ಮಲ್ಲಿನಂತೆಯೇ ಬಳಕೆಯಾಗುತ್ತಿತ್ತು ಎಂದಿತು.

ಈ ಕೊನೆಯ ಹೆಜ್ಜೆಯನ್ನು ನಿಧಾನವಾಗಿ ಪರಿಶೀಲಿಸಬೇಕು. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಒಳರಚನೆಯನ್ನು ರೂಪಿಸಿಕೊಳ್ಳುತ್ತದೆಂಬುದು ನಿಜ. ಆದರೆ ಹಯಾಯ್ಡ್ ಮೇಲಿನ ಸೆಳೆತ ಮಾತಿನಿಂದ ಮಾತ್ರ ಬರುವುದಲ್ಲ. ಪ್ರತಿ ಗುಟುಕು ನುಂಗುವಾಗ ಅದು ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಬಾಯಿ ತೆರೆಯಲು, ಅಗಿಯಲು ನೆರವಾಗುವ ಸ್ನಾಯುಗಳೂ ಅದಕ್ಕೆ ಅಂಟಿಕೊಂಡಿವೆ. ಒಳರಚನೆಯ ಸಾಮ್ಯ ಸ್ನಾಯುಗಳ ಸಾಮ್ಯವನ್ನು ಸೂಚಿಸಬಹುದು. ಆ ಸೆಳೆತದಲ್ಲಿ ಮಾತಿನ ಪಾಲೆಷ್ಟು, ನುಂಗುವಿಕೆಯ ಪಾಲೆಷ್ಟು ಎಂದು ಬೇರ್ಪಡಿಸಲು ಆ ಸಾಮ್ಯ ಸಾಲದು.

ಇಲ್ಲಿ ಶಸ್ತ್ರವೈದ್ಯದ ಸಾಕ್ಷ್ಯವೊಂದು ನೆರವಿಗೆ ಬರುತ್ತದೆ. ಈ ಚರ್ಚೆಯಲ್ಲಿ ಅದಕ್ಕೆ ತಕ್ಕ ಗಮನ ಸಲ್ಲಬೇಕು. ಭ್ರೂಣದಲ್ಲಿ ಥೈರಾಯ್ಡ್ ಗ್ರಂಥಿ ನಾಲಗೆಯ ಬುಡದಿಂದ ಕತ್ತಿಗೆ ಇಳಿಯುವ ದಾರಿ ಪೂರ್ತಿ ಮುಚ್ಚದಿದ್ದರೆ ಅಲ್ಲಿ ದ್ರವ ತುಂಬಿದ ಗಂಟು ಬೆಳೆಯಬಹುದು. ಗಂಟನ್ನಷ್ಟೇ ತೆಗೆದರೆ ಮರುಕಳಿಸುವ ಸಂಭವ ಹೆಚ್ಚು. ಆದ್ದರಿಂದ ಮೇಯೊ ಕ್ಲಿನಿಕ್‌ನ ವಾಲ್ಟರ್ ಸಿಸ್ಟ್ರಂಕ್ 1920ರಲ್ಲಿ ವಿವರಿಸಿದ ಕ್ರಮದಂತೆ ಆ ದಾರಿಗೆ ಅಂಟಿಕೊಂಡ ಹಯಾಯ್ಡ್‌ನ ನಡುಭಾಗವನ್ನೂ ಕತ್ತರಿಸಿ ತೆಗೆಯುತ್ತಾರೆ. ಈ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಬಹಳಷ್ಟು ಮಂದಿ ಮಕ್ಕಳು. ಸಾಮಾನ್ಯವಾಗಿ ಅವರ ಮಾತಿಗೆ ಶಾಶ್ವತ ಕುಂದು ಬರುವುದಿಲ್ಲ. ಕೆಬಾರಾ ವಾದ ನಿಂತಿರುವುದು ಮೂಳೆಯ ರೂಪದ ಮೇಲೆ. ಆ ಮೂಳೆಯ ನಡುಭಾಗವೇ ಇಲ್ಲದೆಯೂ ಮಾತು ನಡೆಯುತ್ತದೆ. ಹಾಗೆಂದು ಇದನ್ನು ಹಿಗ್ಗಿಸಿ ಓದಬಾರದು. ಶಸ್ತ್ರಕ್ರಿಯೆಯ ನಂತರ ಸ್ನಾಯುಗಳೂ ಗಾಯದ ಅಂಗಾಂಶವೂ ಕೊರತೆಯನ್ನು ತುಂಬಿಕೊಳ್ಳುತ್ತವೆ. ಒಬ್ಬ ವ್ಯಕ್ತಿಯ ದೇಹದ ಹೊಂದಾಣಿಕೆ ಬೇರೆ, ಒಂದು ಜೀವಿಕುಲದ ವಿಕಾಸ ಬೇರೆ. ಕೆಬಾರಾ ವಾದ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಮೂಳೆಯ ರೂಪಕ್ಕೂ ಮಾತಿಗೂ ಕಲ್ಪಿಸಿದ ನಂಟು ತೋರುವುದಕ್ಕಿಂತ ದುರ್ಬಲ ಎಂಬಷ್ಟು ಮಾತ್ರ ಹೇಳಬಹುದು.

ಹಾಗಾದರೆ ಹಯಾಯ್ಡ್ ಏನನ್ನು ಹೇಳಬಲ್ಲದು? ಗಾಳಿಚೀಲದ ವಿಷಯವನ್ನು. ಚಿಂಪಾಂಜಿ, ಗೊರಿಲ್ಲಾಗಳ ಧ್ವನಿಪೆಟ್ಟಿಗೆಗೆ ಹೊಂದಿಕೊಂಡಂತೆ ದೊಡ್ಡ ಗಾಳಿಚೀಲಗಳಿವೆ. ಅವುಗಳ ಹಯಾಯ್ಡ್ ನಡುವೆ ಬಟ್ಟಲಿನಂತೆ ಉಬ್ಬಿ ಟೊಳ್ಳಾಗಿರುತ್ತದೆ. ಇಥಿಯೋಪಿಯದ ದಿಕಿಕಾದಲ್ಲಿ ಸಿಕ್ಕ, 33 ಲಕ್ಷ ವರ್ಷ ಹಳೆಯ ಆಸ್ಟ್ರಲೋಪಿಥೆಕಸ್ ಮಗುವಿನ ಹಯಾಯ್ಡ್ ಈ ಬಗೆಯದು. ಸ್ಪೇನಿನ ಅಟಪುವೆರ್ಕಾದಲ್ಲಿ ಸಿಕ್ಕ, ಸುಮಾರು 4.3 ಲಕ್ಷ ವರ್ಷ ಹಳೆಯ ಮೂಳೆಗಳಲ್ಲಾಗಲಿ ಕೆಬಾರಾದ್ದರಲ್ಲಾಗಲಿ ಆ ಬಟ್ಟಲಿಲ್ಲ. ಗಾಳಿಚೀಲವಿದ್ದರೆ ಸ್ವರಗಳ ನಡುವಣ ವ್ಯತ್ಯಾಸ ಕೇಳುಗರಿಗೆ ಮಸುಕಾಗುತ್ತದೆಂದು ಬಾರ್ಟ್ ಡಿ ಬೋರ್ 2012ರಲ್ಲಿ ಪ್ರಯೋಗಗಳಿಂದ ತೋರಿಸಿದ್ದಾರೆ. ಇವನ್ನು ಕೂಡಿಸಿ ನೋಡಿದಾಗ, ನಮ್ಮ ಮತ್ತು ನಿಯಾಂಡರ್ಥಲರ ಸಮಾನ ಪೂರ್ವಜರಲ್ಲೇ ಗಾಳಿಚೀಲ ಇಲ್ಲವಾಗಿತ್ತು, ಸ್ವರಗಳನ್ನು ಸ್ಪಷ್ಟವಾಗಿ ಬೇರ್ಪಡಿಸಲು ಇದ್ದ ಒಂದು ಅಡ್ಡಿ ಅಲ್ಲಿಗೇ ನೀಗಿತ್ತು ಎಂಬ ಊಹೆ ಸಮಂಜಸವಾಗಿ ತೋರುತ್ತದೆ.

ಊಹೆ ಎಂದೇ ಕರೆಯಬೇಕು. ಆಧಾರವಾಗಿರುವ ಮೂಳೆಗಳು ತೀರ ಕಡಿಮೆ. ಗಾಳಿಚೀಲವಿರುವ ಎಲ್ಲ ವಾನರಗಳಲ್ಲೂ ಮೂಳೆಯ ಉಬ್ಬು ಒಂದೇ ಬಗೆಯದಲ್ಲ. ಚೀಲ ಇಲ್ಲವಾದದ್ದಕ್ಕೆ ಮಾತೇ ಕಾರಣವಾಗಿರಬೇಕಿಲ್ಲ: ಗಿಬ್ಬನ್‌ಗಳಲ್ಲಿ ಸಿಯಾಮಂಗ್‌ಗೆ ದೊಡ್ಡ ಚೀಲವಿದೆ, ಲಾರ್ ಗಿಬ್ಬನ್‌ಗೆ ಇಲ್ಲ, ಮಾತು ಎರಡಕ್ಕೂ ಇಲ್ಲ.

ಬೇರೆ ದಿಕ್ಕಿನ ಸಾಕ್ಷ್ಯಗಳೂ ಪೂರಕವಷ್ಟೇ. ಮಾತಿನ ತೊಂದರೆಯೊಂದಿಗೆ ನಂಟಿರುವ ಫಾಕ್ಸ್‌ಪಿ2 ವಂಶವಾಹಿಯಲ್ಲಿ ನಮ್ಮನ್ನು ಚಿಂಪಾಂಜಿಗಳಿಂದ ಬೇರ್ಪಡಿಸುವ ಎರಡು ಬದಲಾವಣೆಗಳು ನಿಯಾಂಡರ್ಥಲರಲ್ಲೂ ಇದ್ದವೆಂದು 2007ರಲ್ಲಿ ತಿಳಿದುಬಂತು. ಆದರೆ ಒಂದು ವಂಶವಾಹಿಯಿಂದ ಭಾಷೆಯಿತ್ತೆಂದು ಹೇಳಲಾಗದು. ಮತ್ತೆ ಮೂಳೆಗಳ ವಿಷಯಕ್ಕೆ ಬಂದರೆ, ದಿಕಿಕಾಗೂ ಅಟಪುವೆರ್ಕಾಗೂ ನಡುವೆ ಸುಮಾರು 29 ಲಕ್ಷ ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ಗಾಳಿಚೀಲ ಯಾವಾಗ ಹೋಯಿತು, ಒಮ್ಮೆಗೇ ಹೋಯಿತೇ, ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆಯಾಗಿ ಹೋಯಿತೇ ಎಂಬುದು ತೀರ್ಮಾನವಾಗಬೇಕಾದರೆ ಹೋಮೊ ಕುಲದ ಆರಂಭಕಾಲದ ಹಯಾಯ್ಡ್‌ಗಳು ದೊರೆಯಬೇಕು.