ಉತಾರದಲ್ಲಿ ತಂಗಿಯ ಹೆಸರು



ಮೂವತ್ತಕ್ಕೂ ಹೆಚ್ಚು ವರ್ಷ ನಿಮಗೆ ಇತಿಹಾಸ ಕಲಿಸಿದೆ. 1956 ಎಂದೊಡನೆ ನೀವೆಲ್ಲ ಒಂದೇ ಧ್ವನಿಯಲ್ಲಿ "ನವೆಂಬರ್ 1, ಕರ್ನಾಟಕ ಏಕೀಕರಣ" ಎನ್ನುತ್ತಿದ್ದಿರಿ. ಅದೇ ವರ್ಷದ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ಮಾತ್ರ ನಾನು ಕಲಿಸಲಿಲ್ಲ. ನನ್ನ ಮನೆಯಲ್ಲಿ ಪಾಲಿಸಲೂ ಇಲ್ಲ.

ನವಲಗುಂದದ ನಮ್ಮ ಮನೆ ತಂದೆಯವರ ಸ್ವಂತ ಗಳಿಕೆ. 1971ರಲ್ಲಿ ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡರು. ಹಿರಿಯರು ಕೂಡಿ ವರ್ದಿ ಬರೆಸಿದರು. ಉತಾರದಲ್ಲಿ ನನ್ನ ಮತ್ತು ತಮ್ಮನ ಹೆಸರುಗಳು ಮಾತ್ರ ದಾಖಲಾದವು. ಅವ್ವನ ಹೆಸರಿಲ್ಲ, ತಂಗಿಯ ಹೆಸರೂ ಇಲ್ಲ. "ಹೆಣ್ಣಮಗಳು ಕೊಟ್ಟ ಮನಿಗೆ ಹೋಗಾಕಿ" ಎಂದರು ಹಿರಿಯರು. ನಾನೂ ತಲೆಯಾಡಿಸಿದೆ.

ಈ ರೂಢಿಯ ಹಿಂದೆ ದೀರ್ಘ ಇತಿಹಾಸವಿದೆ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿಗೆ ಕಾನೂನು ಮಾಡಿತು. ಆದರೆ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆ ಕಾನೂನು ನಮಗೆ ಅನ್ವಯಿಸಲಿಲ್ಲ. ಇಲ್ಲಿ 1937ರ ಕಾಯ್ದೆ ವಿಧವೆಗೆ ಜೀವಿತಾವಧಿಯ ಹಕ್ಕನ್ನಷ್ಟೇ ಕೊಟ್ಟಿತು. ಮಗಳಿಗೆ ಏನನ್ನೂ ಕೊಡಲಿಲ್ಲ. 1956ರ ಕಾಯ್ದೆಯಿಂದ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿ, ಪುತ್ರ, ಪುತ್ರಿಯರು ಸಮಾನ ವಾರಸುದಾರರಾದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳಲ್ಲಿಯೇ ಉಳಿಯಿತು. ಕರ್ನಾಟಕವು 1994ರ ಜುಲೈ 30ರಿಂದ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತಾದರೂ, ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಆ ಭೇದವನ್ನು ತೊಡೆಯಿತು. ಅಂದು ತಂದೆ ಜೀವಂತವಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು.

ಆ ತೀರ್ಪಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ಹಳೆಯ ಉತಾರವನ್ನು ತೆಗೆದು ನೋಡಿದೆ. ನಮ್ಮ ಮನೆಗೆ ಆ ತೀರ್ಪೇ ಬೇಕಿರಲಿಲ್ಲ; 1971ರಲ್ಲಿಯೇ ತಂಗಿಗೆ ನಮ್ಮಷ್ಟೇ ಪಾಲಿತ್ತು. ಅವಳು ಹಕ್ಕುಬಿಡು ಪತ್ರವನ್ನೂ ಬರೆದುಕೊಟ್ಟಿರಲಿಲ್ಲ. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಹೆಸರು ಬಿಟ್ಟ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ.

ತಂಗಿಗೆ ಹೇಳಿದಾಗ ಅವಳು, "ಅಣ್ಣಾ, ನನಗ ಪಾಲು ಯಾಕ ಬೇಕು? ತವರುಮನಿ ಬಾಗಿಲಾ ತೆರದಿದ್ರ ಸಾಕು" ಎಂದಳು. ನಾನು ಹೇಳಿದೆ: "ಬಾಗಿಲು ನಿಂದೂ ಅದವಾ, ನಾವ್ಯಾರು ತೆರಿಯಾಕ?"

2021ರಲ್ಲಿ ಸೋದರರಿಬ್ಬರೂ ಒಪ್ಪಿಗೆ ಬರೆದುಕೊಟ್ಟು ಹೊಸ ವರ್ದಿ ಕೊಟ್ಟೆವು. ಉತಾರದಲ್ಲಿ ಮೂರನೆಯ ಹೆಸರು ಬಂದಿತು. ಆ ಹಾಳೆಯನ್ನು ತಂಗಿ ಬಹಳ ಹೊತ್ತು ಹಿಡಿದು ಕುಳಿತಿದ್ದಳು. ಅವ್ವ ಅದನ್ನು ನೋಡಲು ಉಳಿದಿರಲಿಲ್ಲ.

ನಿಮ್ಮಲ್ಲಿ ಅನೇಕರು ಈಗ ಮನೆಯ ಯಜಮಾನರು. ಇಂದು ಸಂಜೆ ನಿಮ್ಮ ಮನೆಯ ಉತಾರವನ್ನೊಮ್ಮೆ ತೆಗೆದು ಓದಿರಿ. ನಿಮ್ಮ ಹಳೆಯ ಮಾಸ್ತರನು ತಡವಾಗಿ ಕೊಡುತ್ತಿರುವ ಮನೆಗೆಲಸವಿದು.